ಡ್ರೈವರ್ ಮಲಗ್ಯಾರ, ಸಪ್ಪಳ ಮಾಡ್ರಿ

ನಮ್ಮ ಮನ್ಯಾಗ ಒಂದು ಹೆಡ್‌ಫೋನ್ ಅದ. ಅದರ ಬಲಗಿವಿ ಮೆತ್ತಿ ಹರದಾಗ ನಮ್ಮವ್ವನ ಹಳೇ ಕೆಂಪ ಸೀರಿ ತುಂಡು ಕತ್ತರಿಸಿ ನಾನೇ ಹೊಲದೀನಿ. ಹಿಂಗಾಗಿ ಒಂದು ಕಿವಿ ಕರೇದು, ಒಂದು ಕೆಂಪ. ಅದನ್ನ ಹಾಕ್ಕೊಂಡು ಪಡಸಾಲ್ಯಾಗ ಕಣ್ಣ ಮುಚ್ಚಿ ಕುಂತ್ರ ನಮ್ಮ ಮನಿಯವರು, "ಏನ್ರಿ ಸುಭದ್ರಾಬಾಯಿ, ಇವತ್ತ ಯಾವ ಗ್ರಹಕ್ಕ ಹೊಂಟ್ರಿ?" ಅಂತ ಕೇಳ್ತಾರ. ನಾನು ಉತ್ತರ ಕೊಡೂದಿಲ್ಲ. ಕೇಳಿಸಿರ್ತದ, ಆದ್ರೂ ಕೊಡೂದಿಲ್ಲ.

ನಾ ಕೇಳೂದು ಏನಂತ ಮೊದಲೇ ಹೇಳಿಬಿಡ್ತೀನಿ, ನಗೋರು ಈಗೇ ನಕ್ಕು ಮುಗಿಸಲಿ. ಅದಕ್ಕ ಸೈಕೆಡೆಲಿಕ್ ಸ್ಪೇಸ್ ರಾಕ್ ಅಂತಾರ. ಅದ್ರಾಗೂ ಹಾಡೋರು ಇರಲಾರದ್ದು, ಬರೇ ವಾದ್ಯದ್ದು. ಗಿಟಾರು, ಡ್ರಮ್ಮು, ಮತ್ತ ನನಗ ಹೆಸರ ಗೊತ್ತಿಲ್ಲದ ಒಂದು ಮಶಿನ್ನು ಹಿಂದ ಗುಂಯ್ ಅಂತಿರ್ತದ. ಒಂದೊಂದು ತುಣುಕು ಅರ್ಧರ್ಧ ತಾಸು. ಮಾಡಿದವ್ರು ಪೋಲಂಡದವ್ರು, ಗ್ರೀಸಿನವ್ರು, ಅರ್ಜೆಂಟೀನಾದವ್ರು. ಒಂದು ಆಲ್ಬಮ್ಮಿನ ಮ್ಯಾಲ ಶನಿ ಮಹಾರಾಜನ ಉಂಗುರ, ಇನ್ನೊಂದರ ಮ್ಯಾಲ ಚಂದ್ರನ ಮ್ಯಾಲ ಕುಂತು ಅಣಬಿ ನೋಡಾಕತ್ತ ಎಲುಬಿನ ಮನುಷ್ಯಾ. ಶಹಾಬಾದ ಬಾಜೂಕಿನ ಭಂಕೂರದಾಗ, ಫರ್ಸಿ ಕಲ್ಲು ಪಾಲಿಶ್ ಮಾಡೋರ ಮನ್ಯಾಗ, ಸೊಸಿ ಆಗಿ ಬಂದ ಹೆಣ್ಮಗಳು ಇದನ್ನ ಕೇಳ್ತಾಳಂದ್ರ ಯಾರೂ ನಂಬೂದಿಲ್ಲ. ನಂಬಬ್ಯಾಡ್ರಿ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಇಷ್ಟೂ ಕಡಿ ಹುಡುಕಿದ್ರ ನನ್ನಂಥಾಕಿ ಇನ್ನೊಬ್ಬಾಕಿ ಸಿಗ್ಲಿಕ್ಕಿಲ್ಲ ಅಂತ ನನ್ನ ಅಂದಾಜು. ಜರಾ ದಿಮಾಕೇ ಅನ್ರಿ. ಇದ್ರ ಬರ್ರಿ ಆಕಿ, ಕೂಡಿ ಚಹಾ ಕುಡ್ಯೂಣು.

ಇದು ನನಗ ಹತ್ತಿದ್ದು ಆಕಸ್ಮಾತ್. ಊರ ಆ ಕಡಿ ನಮ್ಮ ಪಾಲಿಶ್ ಶೆಡ್ಡು, ಮುಂಜಾನಿ ಅಲ್ಲಿ ಆಫೀಸಿನ್ಯಾಗ ನಾ ಕುಂದ್ರತೀನಿ. ಮಶಿನ್ ಸಪ್ಪಳಕ್ಕ ತಲಿ ಗಿರ್ ಅಂತಿತ್ತು. ಕಿವಿ ಮುಚ್ಚಲಿಕ್ಕಂತ ಕಲಬುರಗಿಯಿಂದ ಈ ಹೆಡ್‌ಫೋನ್ ತಂದೆ. ಒಂದಿನ ವೀಣಾ ಹಚ್ಚಿಕೊಂಡಿದ್ದೆ. ವೀಣಾ ಮುಗೀತು, ಫೋನು ತಾನೇ ಮುಂದಿಂದು ಹಚ್ಚಿತು. ಗುಂಯ್ ಅಂತ ಶುರು ಆತು. ಪೀಠಿಕಿ ಇರಬೇಕು, ಹಾಡೋನು ಈಗ ಬರ್ತಾನ ಅಂತ ಕಾದೆ. ಡ್ರಮ್ ಬಂತು. ಗಿಟಾರ ಬಂತು. ಹಾಡೋನು ಬರಲೇ ಇಲ್ಲ. ಕಡೀಕ ಬಂದವ್ರೆಲ್ಲ ಒಬ್ಬೊಬ್ರೇ ಎದ್ದು ಹೋದ್ರು, ಮುಗೀತು. ಮದುವಿಗಿ ಹೋಗಿ ಊಟಿಲ್ಲದ ತಿರುಗಿ ಬಂದಂಗಾತು ನನಗ. ಎಲ್ಲೆರ ಹಾಡಿದ್ದು ನಾನೇ ಬಿಟ್ಟೀನೇನು ನೋಡೂಣು ಅಂತ ಸಿಟ್ಟಿಲೆ ಇನ್ನೊಮ್ಮೆ ಹಚ್ಚಿದೆ. ಮೂರನೇ ಸಲ ಹಚ್ಚಿದಾಗ ಹಾಡೋನ ಹಾದಿ ನೋಡೂದು ಬಿಟ್ಟಿದ್ದೆ. ಈ ಗುಂಯ್ ಅನ್ನೂದು ಎಲ್ಲೋ ಕೇಳೀನಲ್ಲ, ಎಲ್ಲಿ ಕೇಳೀನಿ ಅಂತ ಅದೇ ಹುಳ ತಲ್ಯಾಗ ಹೊಕ್ಕಿತ್ತು.

ನಮ್ಮ ಮನಿಯವರಿಗಿ ಕೇಳಿಸಿದೆ. ಒಂದು ಕಿವಿಗಿ ಹಚ್ಚಿಕೊಂಡು ಅವ್ರು, "ಮಶಿನ್ ಸಪ್ಪಳ ಬ್ಯಾಡಂತ ಇದನ್ನ ತಂದಿ, ಇದ್ರಾಗ ಮತ್ತ ಮಶಿನ್ ಸಪ್ಪಳೇ ಕೇಳಾಕತ್ತೀದಿ" ಅಂದ್ರು. ಅವ್ರು ಹೇಳಿದ್ದು ತಪ್ಪಿರಲಿಲ್ಲ, ಆದ್ರ ನಾ ಒಪ್ಪಲಿಲ್ಲ.

ಸಪ್ಪಳದ ಮಾತು ಬಂದ ಮ್ಯಾಲ ವಾಡಿಗಿ ಹೋಗಲೇಬೇಕು. ನಾ ಹುಟ್ಟಿ ಬೆಳದದ್ದು ವಾಡಿ ಜಂಕ್ಷನ್ನಿನ ರೇಲ್ವೆ ಕ್ವಾರ್ಟರ್ಸಿನ್ಯಾಗ. ನಮ್ಮ ಮುತ್ಯಾ ಕಾಗಿಣಾ ಹೊಳಿ ಮ್ಯಾಲ ಹರಗೋಲು ಹಾಕಿ ಮಂದಿನ್ನ ದಾಟಸ್ತಿದ್ದ. ಅಪ್ಪ ಮಾಲಗಾಡಿ ಡ್ರೈವರ್ ಆದ. "ನಮ್ಮಪ್ಪ ಅಡ್ಡ ದಾಟಸ್ತಿದ್ದ, ನಾ ಉದ್ದ ದಾಟಸ್ತೀನಿ" ಅಂತ ಮೀಸಿ ತಿರುವಿಕೊಂಡು ಹೇಳೋನು. ಈ ದಿಮಾಕು ನನಗ ಎಲ್ಲಿಂದ ಬಂದದ ಅಂತ ಈಗ ನಿಮಗ ತಿಳೀತು.

ಆ ಕ್ವಾರ್ಟರ್ಸಿನ್ಯಾಗ ಒಂದು ರಿವಾಜು ಇತ್ತು. ರಾತ್ರಿ ಗಾಡಿ ಹೊಡದು ಡ್ರೈವರ್ ಮುಂಜಾನಿ ಮನಿಗಿ ಬಂದು ಮಲಗಿದ ಅಂದ್ರ, ಬಾಗಲ ಕೊಂಡಿಗಿ ಒಂದು ಕೆಂಪ ಅರಿವಿ ಕಟ್ಟತಿದ್ರು. ಕೆಂಪಂದ್ರ ಏನಂತ ಆ ಓಣ್ಯಾಗ ಯಾರಿಗೂ ಕಲಸೂದು ಬೇಕಿರಲಿಲ್ಲ. ಕಾಯಿಪಲ್ಲೆ ಮಾರಾಕಿ ಆ ಬಾಗಲ ಬಂದಕೂಡ್ಲೆ ದನಿ ನುಂಗಿ, ಅದು ದಾಟಿದ ಮ್ಯಾಲ ತೆಗೀತಿದ್ಲು. ಗೋಲಿ ಆಡೋ ಹುಡುಗ್ರು ಗೋಲಿ ಕಿಸೇದಾಗ ಹಾಕ್ಕೊಂಡು ದೂರ ಹೋಗ್ತಿದ್ರು. ಅಪ್ಪನ ನಿದ್ದಿ ಅಂದ್ರ ಸಾದಾ ನಿದ್ದಿ ಅಲ್ಲ, ಅದರ ಮ್ಯಾಲ ಒಂದು ಇಡೀ ಗಾಡಿ ಕುಂತದ ಅಂತ ನಮಗ ಅವ್ವ ಹೇಳ್ತಿದ್ಲು.

ಈ ಕೆಲಸದಾಗ ಅವ್ವನ್ನ ಮೀರಿಸೋರು ಇಡೀ ಸಾಲಿನ್ಯಾಗ ಇರಲಿಲ್ಲ. ಕೈಯಾಗಿನ ಹಸರು ಬಳಿ ಮೊಣಕೈ ತನಕ ಏರಿಸಿ, ಕಿಣಿಕಿಣಿ ಅನಬಾರದಂತ ಮ್ಯಾಲ ಅರಿವಿ ಸುತ್ತತಿದ್ಲು. ಕುಕ್ಕರ್ ಸೀಟಿ ಹೊಡೀತದಂತ ಬ್ಯಾಳಿ ಗಡಿಗ್ಯಾಗ ಕುದಸ್ತಿದ್ಲು. ರೊಟ್ಟಿ ಬಡೀಲಾರದ ಆಗಂಗಿಲ್ಲ, ಬಡದ್ರ ಸಪ್ಪಳ. ಅದಕ್ಕ ಹಿಟ್ಟು, ಹಿಟ್ಟು ನಾದೋ ಕೊಣಮಗಿ ಹೊತ್ತುಕೊಂಡು ಹಿಂದಿನ ಸಾಲಿನ ರಝಿಯಾನ ಮನಿಗಿ ಹೋಗಿ ಅಲ್ಲಿ ಬಡಕೊಂಡು ಬರ್ತಿದ್ಲು. ರಝಿಯಾ ನನ್ನ ವಾರಿಗಿ ಗೆಳತಿ. ಆಕಿ ತಾಯಿಗೂ ನಮ್ಮವ್ವಗೂ ಆ ರೊಟ್ಟಿ ಹೊತ್ತಿನ್ಯಾಗೇ ದೋಸ್ತಿ ಬೆಳೀತು. "ನಮ್ಮ ಮನ್ಯಾಗ ಡ್ರೈವರ್ ನಿದ್ದಿ ಒಮ್ಮೆನೂ ಮುರದಿಲ್ಲ" ಅಂತ ಅವ್ವ ಅಲ್ಲಿ ಕುಂತು ಹೇಳೂದನ್ನ ನಾ ಎಷ್ಟೋ ಸಲ ಕೇಳೀನಿ. ಹೇಳುವಾಗ ಆಕಿ ಕುತ್ತಿಗಿ ಜರಾ ಉದ್ದ ಆಗ್ತಿತ್ತು.

ನಾನು, ನಮ್ಮಣ್ಣ ಪಿಸುಮಾತಿನ್ಯಾಗೇ ಬೆಳದ್ವಿ. ನೀರು ಬೇಕಂದ್ರ ಹೆಬ್ಬೆರಳು, ಹಸಿವಿ ಆದ್ರ ಹೊಟ್ಟಿ ಮ್ಯಾಲ ಕೈ, ಅಣ್ಣ ಚಿವುಟಿದ್ರ ಸಪ್ಪಳಿಲ್ಲದ ಅಳೂದು. ಜಗಳನೂ ಗುಸುಗುಸು ಅಂತೇ ಆಡ್ತಿದ್ವಿ. ಸಾಲ್ಯಾಗ ಪಾಠ ಓದು ಅಂದ್ರ ಮಾಸ್ತರು, "ಯಾರಿಗಿ ಚಾಡಿ ಹೇಳಾಕತ್ತೀದಿ, ಜೋರ್ ಓದು" ಅಂತಿದ್ರು. ಆ ಬಾಕಿ ಎಲ್ಲ ಈಗ ತೀರಸಾಕತ್ತೀನಿ. ನಾ ಶೆಡ್ಡಿನ್ಯಾಗ ಮಾತಾಡಾಕತ್ತಿದ್ರ ಲಾರಿಯವ್ರು ಹಾರ್ನ್ ಹೊಡ್ಯೂದು ಬಿಟ್ಟು ಕೇಳ್ತಾರ ಅಂತ ನಮ್ಮ ಮನಿಯವರ ತಕರಾರು.

ಮಜಾ ಏನಂದ್ರ, ನಾವು ಹಿಂಗ ಬಳಿ ಏರಿಸಿ, ಉಸಿರು ಹಿಡದು ತಿರಗೋ ಹೊತ್ತಿನ್ಯಾಗ ಹೊರಗ ವಾಗನ್ನು ಒಂದಕ್ಕೊಂದು ಧಡ್ ಧಡ್ ಅಂತ ಕೂಡತಿದ್ವು. ಎಂಜಿನ್ನು ಗುಡುಗುಡು ಅಂತ ನಿಂತಿರ್ತಿತ್ತು. ಆ ಕಡಿ ಸಿಮೆಂಟ್ ಗಿರಣಿ ಹಗಲು ರಾತ್ರಿ ಗುಂಯ್ ಅಂತಿತ್ತು. ಅದು ನಮ್ಮ ಕೈಯಾಗ ಇರಲಿಲ್ಲ. ನಮ್ಮ ಕೈಯಾಗ ಇದ್ದದ್ದು ನಮ್ಮ ಬಾಯಿ, ಅದನ್ನ ಮುಚ್ಚಿದ್ವಿ.

ಅವ್ವ ತೀರಿಹೋಗಿ ಈಗ ಕೆಲವು ವರ್ಷ ಆದ್ವು. ಅಪ್ಪ ನಿವೃತ್ತಿ ಆಗಿ ಮೊದಲು ಸೇಡಂದಾಗ ಅಣ್ಣನ ಮನ್ಯಾಗ ಇದ್ದ. ಹೋದ ವರ್ಷ ನಾನೇ ಜಗಳಾಡಿ ನಮ್ಮಲ್ಲಿ ಕರಕೊಂಡು ಬಂದೆ. ನಮ್ಮ ಮನಿ ಊರ ಹೊರಗ, ತೊಗರಿ ಹೊಲದ ನಡು. ಗ್ವಾಡಿ ಪೂರಾ ಕಲ್ಲಿಂದು. ಧಂದಾ ಅದೇ ಅಂದ ಮ್ಯಾಲ ಮನಿಗಿ ಕಡಿಮಿ ಮಾಡ್ತಾರೇನ್ರಿ. ಒಳಗಿನ ಖೋಲಿ ಬಾಗಲ ಹಾಕಿದ್ರ ಹೊರಗಿನ ಲೋಕ ಬಂದ್. ಆ ಖೋಲಿನೇ ಅಪ್ಪಗ ಕೊಟ್ಟೆ, ಭಾಳ ಹೆಮ್ಮಿಲೆ ಕೊಟ್ಟೆ. ಅವ್ವನ ಕೆಂಪ ಸೀರಿ ಇನ್ನೊಂದು ತುಂಡು ಹರದು ಹೊರಬಾಗಲ ಕೊಂಡಿಗಿ ಕಟ್ಟಿದೆ. ರಝಿಯಾನೂ ಇಲ್ಲೇ ಬಾಜೂ ಮನಿ, ಆಕಿ ಗಂಡ ಶಹಾಬಾದ ಸ್ಟೇಶನ್ನಿನ್ಯಾಗ ಕೆಲಸಕ್ಕ. ಆ ಅರಿವಿ ನೋಡಿದ ದಿನದಿಂದ ಆಕಿ ನಮ್ಮ ಅಂಗಳಕ್ಕ ಬರೂದಿದ್ರ ಚಪ್ಪಲಿ ಕೈಯಾಗ ಹಿಡ್ಕೊಂಡು ಬರಾಕ ಶುರು ಮಾಡಿದ್ಲು.

ಆದ್ರ ಅಪ್ಪಗ ನಿದ್ದಿ ಇಲ್ಲ. ರಾತ್ರಿ ಮೊದಲೇ ಮಲಗಿ ರೂಢಿ ಇಲ್ಲ ಆತಗ, ಹಗಲಿನ ನಿದ್ದಿನೂ ಹೋತು. ಆ ಖೋಲ್ಯಾಗ ಹೋಗಿ ಅಂಗಾತ ಬಿದ್ದು ಜಂತಿ ನೋಡಾಂವ. ಉಣ್ಣುವಾಗ ತುತ್ತು ಕೈಯಾಗ ಹಿಡ್ಕೊಂಡೇ ತೂಕಡಿಸಾಂವ, ಎಬ್ಬಿಸಿ ಮಲಗಿಸಿದ್ರ ಮತ್ತ ಎಚ್ಚರ. ಕಣ್ಣು ಒಳಗ ಹೋದ್ವು. ಡಾಕ್ಟರ್ ಕೊಟ್ಟ ಗುಳಗಿ ತಗೊಂಡು ಒಂದಿನ ಬಚ್ಚಲ ಹೊಸ್ತಿಲದಾಗ ಬಿದ್ದ. ಮಣಿಕಟ್ಟು ಬಾತು ಕುಂಬಳಕಾಯಿ ಆತು. ಆಮ್ಯಾಲ ಗುಳಗಿ ಮುಟ್ಟಲಿಲ್ಲ. ಅಣ್ಣಂದು ದಿನಾ ಫೋನು. "ಹಿಂಗೇ ನಡದ್ರ ಉಳಿಯಂಗಿಲ್ಲ ಅಂವ. ಐತವಾರ ಗಾಡಿ ತರ್ತೀನಿ, ಸೇಡಂಕ ಒಯ್ತೀನಿ. ನಿನ್ನ ಕೈಲೆ ಆಗಂಗಿಲ್ಲ ಸುಬ್ಬಿ." ಕಡೀ ಮಾತು ನನಗ ನಟ್ಟಿತು. ಅವ್ವ ವಾಡಿ ಯಾರ್ಡಿನ ಬಾಜೂಕ ಕುಂತು ಮಾಡಿದ ಕೆಲಸ ನಾ ಇಂಥಾ ಕಲ್ಲಿನ ಮನ್ಯಾಗ ಮಾಡಾಕ ಆಗಲಿಲ್ಲಂದ್ರ ನಾ ಎಂಥಾ ಮಗಳು. ಮನ್ಯಾಗ ಸಪ್ಪಳ ಇನ್ನೂ ಕಡಿಮಿ ಮಾಡಿದೆ. ಮಿಕ್ಸರ್ ಬಂದ್, ಟಿವಿ ಬಂದ್, ನಮ್ಮ ಮನಿಯವರ ಕೆಮ್ಮೂ ಅಂಗಳಕ್ಕ ಹೋತು.

ಅಣ್ಣ ಒಂದು ಸ್ಪೀಕರ್ ಕಳಿಸಿದ್ದ, ತತ್ವಪದ ಕೇಳಿಸು, ಮನಸ್ಸು ಶಾಂತ ಆಗ್ತದ ಅಂತ. ಅಪ್ಪನ ಖೋಲ್ಯಾಗ ಇಟ್ಟು ನನ್ನ ಫೋನಿಗಿ ಬ್ಲೂಟೂತಿಲೆ ಜೋಡಿಸಿ ಹಚ್ಚಿದೆ. ಅಪ್ಪ ಒಂದು ಪದ ಕೇಳಿದ, ಎದ್ದು ಕುಂತ. "ಒಂದು ನುಡಿ ಬಿಟ್ಟಾನ ನೋಡು ಹಾಡಾಂವ" ಅಂದ. ಮುಂದಿನ ಪದಕ್ಕ ತಾನೇ ತಾಳ ಹಾಕಿದ. ಅದು ಮುಗಿಯೂದರಾಗ ಇದ್ದ ತೂಕಡಿಕಿನೂ ಹಾರಿತ್ತು.

ಶನಿವಾರ ಮಧ್ಯಾನ. ಮರುದಿನ ಅಣ್ಣ ಬರಾಂವ. ಅಪ್ಪನ್ನ ಮಲಗಿಸಿ, ಬಾಗಲ ಎಳದು, ಅರಿವಿ ಕಟ್ಟಿ, ನಾ ಪಡಸಾಲ್ಯಾಗ ಕುಂತೆ. ತಲಿ ಕೆಟ್ಟಿತ್ತು. ಹೆಡ್‌ಫೋನ್ ಏರಿಸಿ ಪೋಲಂಡದವ್ರನ್ನ ಹಚ್ಚಿದೆ. ಕೇಳಿಸಲಿಲ್ಲ. ದನಿ ಏರಿಸಿದೆ. ಇನ್ನೂ ಇಲ್ಲ. ಪೂರಾ ಏರಿಸಿದೆ. ಕಾಲ ಬುಡಕ ಫರ್ಸಿ ಜರಾ ಝುಮ್ ಅಂದಂಗಾತು. ಖಣಿಯಾಗ ಮದ್ದು ಹಾರಿಸಿರಬೇಕು ಅಂದ್ಕೊಂಡು ಸುಮ್ಮಾದೆ. ನಮ್ಮ ಭಂಕೂರದಾಗ ನೆಲ ನಡಗಿದ್ರ ಬ್ಯಾರೆ ಯಾವ ವಿಚಾರನೂ ಬರೂದಿಲ್ಲ. ಹೆಡ್‌ಫೋನ್ ಕೆಟ್ಟಿತು, ಇದೂ ಇವತ್ತೇ ಕೆಡಬೇಕಾ ಅಂತ ಕಣ್ಣ ಮುಚ್ಚಿದೆ.

ಯಾರೋ ಭುಜ ಮುಟ್ಟಿದ್ರು. ರಝಿಯಾ. ಎಂದಿನಂಗ ಚಪ್ಪಲಿ ಕೈಯಾಗ. ಬಾಯಿ ಅಲಗಾಡಾಕತ್ತದ, ಮಾತಿಲ್ಲ. ಹೆಡ್‌ಫೋನ್ ತೆಗದೆ.

"ಸುಭದ್ರಾ, ನಿಮ್ಮ ಮನ್ಯಾಗ ಎಂಜಿನ್ ಬಂದದ ಏನು?" ಅಂದ್ಲು, ಅದೂ ಪಿಸುಮಾತಿಲೆ.

ಆವಾಗ ತಿಳೀತು ನನಗ. ಹೆಡ್‌ಫೋನಿನ ಚಾರ್ಜ್ ಮುಗದಿತ್ತು. ಫೋನು ತಾನೇ ಹೋಗಿ ಅಪ್ಪನ ಖೋಲಿ ಸ್ಪೀಕರಿಗಿ ಕೂಡಿತ್ತು. ನಾ ಏರಿಸಿದಷ್ಟೂ ಅಲ್ಲಿ ಏರಿತ್ತು. ಇದ್ದ ಒಂದೀಟು ಜೊಂಪನ್ನೂ ಕಳದೆ, ಅಣ್ಣಗ ಏನ್ ಮಾರಿ ತೋರಸಲಿ ಅಂತ ಓಡಿ ಬಾಗಲ ತೆಗದೆ. ಡ್ರಮ್ಮು ಗಿಟಾರು ಎಲ್ಲಾ ಕೂಡಿ ಏರಿ ಏರಿ ಖೋಲಿ ತುಂಬಿ ನಿಂತಿತ್ತು. ಅದರ ನಡು ಅಪ್ಪ ಬಾಯಿ ತೆಗದು, ಕೈ ಮಂಚದ ಕೆಳಗ ಬಿಟ್ಟು, ಗೊರಕಿ ಹೊಡ್ಯಾಕತ್ತಿದ್ದ. ನಾನೂ ರಝಿಯಾನೂ ಹೊಸ್ತಿಲದಾಗ ನಿಂತೇ ಬಿಟ್ವಿ. ನನಗ ಬುದ್ಧಿ ಎಲ್ಲಿತ್ತೋ ಏನೋ, ನಿದ್ದಿ ಹಾಳಾಗಬಾರದಂತ ಲಗೂನ ಬಂದ್ ಮಾಡಿದೆ.

ಅಪ್ಪ ಪಟಕ್ಕನ ಕಣ್ಣ ತೆಗದ.

"ಗಾಡಿ ಯಾಕ ನಿಂತದ?" ಅಂದ.

ಮತ್ತ ಹಚ್ಚಿದೆ. ಗುಂಯ್ ಅನ್ನೂದು ಶುರು ಆಗಿ, ಡ್ರಮ್ ಬರೂದರಾಗ ಅಪ್ಪನ ಗೊರಕಿ ವಾಪಸ್ ಬಂದಿತ್ತು. ರಝಿಯಾ ಸೆರಗು ಬಾಯಾಗಿಟ್ಟು ನಕ್ಕಳು. ನಾ ಅತ್ತೆ, ಸುಳ್ಳ್ಯಾಕ ಹೇಳ್ಲಿ. ಹೊತ್ತು ಮುಳುಗೂತನ ಮಲಗಿದ ನಮ್ಮಪ್ಪ. ಎದ್ದು ಎರಡು ರೊಟ್ಟಿ, ಪುಂಡಿಪಲ್ಲೆ ಉಂಡು, ಮತ್ತೊಂದು ರೊಟ್ಟಿ ಕೇಳಿದ.

ಐತವಾರ ಅಣ್ಣ ಗಾಡಿ ತಂದ. ಅಂಗಳದಾಗ ನಿಂತೇ, "ಏನಿದು, ದೆವ್ವ ಬಿಡಸೋ ಸಪ್ಪಳ" ಅಂದ. ಕೈ ಹಿಡದು ಒಳಗ ಒಯ್ದು ತೋರಿಸಿದೆ. ಅಪ್ಪನ ಗೊರಕಿ ನೋಡಿ ಅಲ್ಲೇ ಕುರ್ಚಿ ಮ್ಯಾಲ ಕುಂತ. ಒಂದಷ್ಟು ಹೊತ್ತಿಗಿ ತಾನೂ ಗೋಣು ಚೆಲ್ಲಿ ನಿದ್ದಿ ಹೋದ. ಸಂಜಿಗಿ ಖಾಲಿ ಗಾಡಿ ತಗೊಂಡು ಸೇಡಂಕ ಹೋದ. ಮರುದಿನ ಮೆಸೇಜ್ ಬಂತು, "ಆ ಪೋಲಂಡದವ್ರ ಹೆಸರು ಕಳಸು, ನನಗಲ್ಲ, ದೋಸ್ತಗ ಬೇಕಾಗ್ಯಾದ." ಆ ದೋಸ್ತ ಯಾರಂತ ನಾ ಕೇಳಲಿಲ್ಲ. ದೊಡ್ಡ ಮನಸ್ಸು ಮಾಡಿ ಕಳಿಸಿದೆ.

ಈಗ ಅಪ್ಪಗ ತನ್ನದೇ ಪಸಂದು ಅದ. ಗ್ರೀಸಿನವ್ರ ಒಂದು ಆಲ್ಬಮ್ ಹಚ್ಚಿದ್ರ, "ಲೋಡ್ ಭಾಳ ಅದ ಇವನ ಹಿಂದ, ಆದ್ರ ಝಟಕಾ ಕೊಡಲಾರದ ಎತ್ಯಾನ ನೋಡು" ಅಂತಾನ. ಅರ್ಜೆಂಟೀನಾದವ್ರು ಆಗಂಗಿಲ್ಲ. "ಸುಮ್ಮಸುಮ್ಮ ಬ್ರೇಕ್ ಹಾಕ್ತಾನ." ನನಗ ಅರ್ಜೆಂಟೀನಾದವ್ರೇ ಜಾಸ್ತಿ ಸೇರ್ತಾರ. ಈ ಮಾತಿಗಿ ನಮ್ಮಿಬ್ಬರಲ್ಲಿ ಉಣ್ಣುವಾಗ ಜಗಳ ಆಗ್ತದ. ಈ ಸಂಗೀತದ ಬಗ್ಗೆ ಜಗಳಾಡಾಕ ನನಗ ಒಬ್ರು ಸಿಕ್ಕಾರ, ಅದೂ ನಮ್ಮಪ್ಪ, ಅಂತ ನೆನಸಿದ್ರ ಎದಿ ಉಬ್ಬತದ. ಆ ಗುಂಯ್ ಎಲ್ಲಿ ಕೇಳೀನಿ ಅನ್ನೋ ಹುಳಾನೂ ಹೋತು. ವಾಡ್ಯಾಗ ಕೇಳೀನಿ, ತೊಟ್ಟಲದಾಗ ಬಿದ್ದಾಗಿಂದ ಕೇಳೀನಿ.

ಮೊನ್ನೆ ಚಹಾ ಕುಡಿಯುವಾಗ ಕೇಳೇ ಬಿಟ್ಟೆ. "ಅಪ್ಪಾ, ಇಷ್ಟು ಸಪ್ಪಳದಾಗ ನಿನಗ ನಿದ್ದಿ ಹ್ಯಾಂಗ ಹತ್ತತದ?"

"ವಾಡ್ಯಾಗ ಸಪ್ಪಳ ಇರಲಿಲ್ಲೇನು? ಎಂಜಿನ್ ಗುಡುಗುಡು ಅಂತಿದ್ರ ಎಲ್ಲಾ ಬರಾಬರಿ ಅದ ಅಂತ ಅರ್ಥ. ಅದು ನಿಂತ್ರ ಎದ್ದು ನೋಡಬೇಕು. ಇಲ್ಲಿ ನೀವು ಎಲ್ಲಾ ಬಂದ್ ಮಾಡಿ ಕುಂತ್ರಿ. ನಿಂತ ಗಾಡ್ಯಾಗ ಡ್ರೈವರಿಗಿ ನಿದ್ದಿ ಬರ್ತದೇನು?"

"ಹಂಗಾದ್ರ ನಾವು ಸಣ್ಣವ್ರಿದ್ದಾಗ ಅಷ್ಟು ಪಿಸುಪಿಸು ಅಂತ ಇರ್ತಿದ್ವಲ್ಲ?"

ಅಪ್ಪ ಚಹಾದ ಬಸಿ ಕೆಳಗಿಟ್ಟ. ಹೇಳಲ್ಯೋ ಬ್ಯಾಡೋ ಅಂತ ನನ್ನ ಮಾರಿ ನೋಡಿದ.

"ಅದೇ ಮಲಗಾಕ ಬಿಡ್ತಿರಲಿಲ್ಲ ಮಗಳೇ. ಎಂಜಿನ್ ಕೂಗಿದ್ರ ಎಚ್ಚರ ಆಗ್ತಿರಲಿಲ್ಲ. ಮಂದಿ ಗುಸುಗುಸು ಮಾತಾಡಾಕತ್ರ ಕಿವಿ ತಾನೇ ಅತ್ಲಾಗ ಹೋಗ್ತದ, ಏನ್ ಅಂದ್ರು ಅಂತ. ನೀವು ಇಬ್ರೂ ಸಾಲಿಗಿ ಹೋಗಿ, ನಿಮ್ಮವ್ವ ರೊಟ್ಟಿ ಬಡ್ಯಾಕ ಹೋದ ಮ್ಯಾಲ ನನಗ ನಿದ್ದಿ ಹತ್ತತಿತ್ತು."

ಇಡೀ ಬಾಲ್ಯ ಬಾಯಿ ಮುಚ್ಚಿ ಕಳದೀವಿ, ಅದೂ ತೆಪ್ಪಗಿರಲಾರದ ನಾನು. "ಒಂದು ಮಾತು ಹೇಳಬಾರದಿತ್ತೇನಪ್ಪಾ ಅವ್ವಗ?"

"ಹ್ಯಾಂಗ ಹೇಳ್ಲಿ? ನಮ್ಮ ಮನ್ಯಾಗ ಡ್ರೈವರ್ ನಿದ್ದಿ ಒಮ್ಮೆನೂ ಮುರದಿಲ್ಲ ಅಂತ ಊರೆಲ್ಲಾ ಹೇಳ್ಕೋತ ತಿರಗಾಕತ್ತಿದ್ಲು. ಆ ಹೆಮ್ಮಿ ಮುರೀಲೇನು? ಕಣ್ಣ ಮುಚ್ಚಿಕೊಂಡು ಬೀಳ್ತಿದ್ದೆ. ಆಕಿ ಬಾಗಲ ಸಂದ್ಯಾಗ ಇಣಿಕಿ ನೋಡಿ, ಮಲಗ್ಯಾನಂತ ಖಾತ್ರಿ ಮಾಡ್ಕೊಂಡು, ಬಳಿ ಏರಿಸಿ, ತುದಿಗಾಲಿಲೆ ಹೋಗಾಕಿ." ಅಪ್ಪ ಬಸಿ ಮತ್ತ ಎತ್ತಿದ. "ಹಂಗ ಹೋಗೂದನ್ನ ನೋಡಾಕ ಒಂದು ಕಣ್ಣ ತೆಗೀತಿದ್ದೆ."

ಆಮ್ಯಾಲ ಎದ್ದು ಖೋಲಿಗಿ ಹೋದ. ಒಳಗಿಂದ, "ಆ ಗ್ರೀಸಿನವ್ನ ಹಚ್ಚು ಸುಬ್ಬಿ" ಅಂದ. ಒಂದು ಗಳಿಗಿ ಬಿಟ್ಟು, "ಅರಿವಿ ಕಟ್ಟೂದು ಮರೀಬ್ಯಾಡ" ಅಂದ.

ಹೊರಗ ಬಂದು ಕೊಂಡಿಗಿ ಅವ್ವನ ಸೀರಿ ತುಂಡು ಕಟ್ಟಿದೆ. ಒಳಗ ಹೋಗಿ ದನಿ ಪೂರಾ ಏರಿಸಿದೆ. ಗ್ವಾಡಿ ಝುಮ್ ಅಂತು. ಹಿಟ್ಟು ಕೇಳಾಕಂತ ಬಂದ ರಝಿಯಾ ಕೆಂಪ ಅರಿವಿ ನೋಡಿದಾಕಿನೇ ಚಪ್ಪಲಿ ಕೈಯಾಗ ತಗೊಂಡು, ಅಷ್ಟು ಗದ್ದಲದ ನಡು ತುದಿಗಾಲಿಲೆ ಅಂಗಳ ದಾಟಿ ಬರಾಕತ್ತಿದ್ಲು. ಮಲಗ್ಯಾರೇನು ಅಂತ ಕೆನ್ನಿಗಿ ಕೈ ಹಚ್ಚಿ ಕೇಳಿದ್ಲು. ನಾ ಬಳಿ ಏರಿಸಿಕೊಂಡು, ತೊಗರಿ ಹೊಲಕ್ಕೆಲ್ಲಾ ಕೇಳೂವಂಗ ಕೂಗಿ ಹೇಳಿದೆ, "ನಮ್ಮ ಮನ್ಯಾಗ ಡ್ರೈವರ್ ನಿದ್ದಿ ಒಮ್ಮೆನೂ ಮುರದಿಲ್ಲ."